ಬಾದಾಮಿ ಮಾವಿಗೂ ಬಂತು ಊಜಿ

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಮಾವಿನ ತೋಟ. ಮೊದಲೆಲ್ಲ ಊಜಿ (ಹಣ್ಣಿನ ನೊಣ) ಕಾಟ ಅಂದ್ರೆ ಮಳೆ ಹಿಡಿದ ಮೇಲೆ ನೀಲಂ ಹಣ್ಣಿಗೆ ಮಾತ್ರ. ಈಗ ಬಾದಾಮಿಯಲ್ಲೂ ಹುಳ ಸಿಗ್ತಿದೆ. ಹವಾಮಾನ ಬದಲಾಗಿದ್ದಕ್ಕೆ ಹೀಗಾ? ಯಾವ ಔಷಧಿ ಹೊಡೀಬೇಕು?

ಉತ್ತರ: ಹವಾಮಾನದ ಪಾಲು ಖಂಡಿತ ಇದೆ. ಹಾಗಂತ ಬಿಸಿಲು ಏರಿದಷ್ಟೂ ಊಜಿ ಜಾಸ್ತಿ ಅಂದ್ಕೋಬೇಡಿ, 35 ಡಿಗ್ರಿ ದಾಟಿದ ಒಣ ಬಿಸಿಲು ಅದಕ್ಕೂ ಆಗಿಬರುವುದಿಲ್ಲ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಹವೆ, ಜೊತೆಗೆ ತೇವ. ಆ ಹದ ಸಿಕ್ಕರೆ ಮೊಟ್ಟೆ ನೊಣವಾಗಲು ಮೂರ್ನಾಲ್ಕು ವಾರ ಸಾಕು. ಚಳಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಚಳಿ ಕಮ್ಮಿಯಾದರೆ ಹಣ್ಣಿನ ಕಾಲಕ್ಕೆ ಮುಂಚೆಯೇ ಒಂದೆರಡು ತಲೆಮಾರು ಹೆಚ್ಚಾಗಿ ಹುಟ್ಟಿರುತ್ತವೆ. ಬಾದಾಮಿ ಇಷ್ಟು ದಿನ ಬಚಾವಾಗುತ್ತಿದ್ದದ್ದು ಮಳೆಗೆ ಮುಂಚೆ ಕೊಯ್ಲು ಮುಗಿಯುತ್ತಿತ್ತು ಅನ್ನೋ ಕಾರಣಕ್ಕೆ. ಹೂವು ತಡವಾಗಿ, ಮಳೆ ಬೇಗ ಬಂದರೆ ಆ ಹಣ್ಣೂ ನೊಣದ ಬಾಯಿಗೆ ಸಿಗುತ್ತದೆ, ಅಲ್ವಾ?

ಔಷಧಿ ವಿಷಯಕ್ಕೆ ಬರುತ್ತೇನೆ. ಕೊಯ್ಲಿನ ಹೊತ್ತಿಗೆ ಸುಮ್ನೆ ಹೊಡೆದು ದುಡ್ಡು ಕಳ್ಕೋಬೇಡಿ, ಹುಳ ಆಗಲೇ ಹಣ್ಣಿನೊಳಗೆ ಇರುತ್ತದೆ. ಬಲಿತ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಸೂಜಿ ಚುಚ್ಚಿದಷ್ಟು ಸಣ್ಣ ಗುರುತು, ಅದರ ಮೇಲೆ ಒಂದು ಹನಿ ರಸ. ಮೊಟ್ಟೆ ಇಟ್ಟ ಜಾಗ ಅದು. ಆ ಕಾಯಿ ಕೊಳೆತು ಉದುರುತ್ತದೆ, ಒಳಗಿನ ಬಿಳಿ ಹುಳ ಮೈ ಬಗ್ಗಿಸಿ ಚಂಗನೆ ನೆಗೆದು ಮಣ್ಣು ಸೇರುತ್ತದೆ, ಅಲ್ಲಿ ಕೋಶವಾಗಿ ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಆದ್ದರಿಂದ ಉದುರಿದ್ದನ್ನು ದಿನಾ ಆರಿಸಿ, ಎರಡಡಿ ಆಳಕ್ಕೆ ಹೂಳಿ. ಬದುವಿಗೆ ಎಸೆದರೆ ಊಜಿ ಸಾಕಿದ ಹಾಗೆ! ಕೊಯ್ಲಿಗೆ ಒಂದೂವರೆ ತಿಂಗಳು ಮುಂಚೆಯೇ ಮೀಥೈಲ್ ಯೂಜಿನಾಲ್ (ನೊಣವನ್ನು ವಾಸನೆಯಿಂದ ಸೆಳೆಯುವ ರಾಸಾಯನಿಕ) ಬಲೆ ಕಟ್ಟಿ, ಎಕರೆಗೆ ಆರಾದರೂ ಇರಲಿ. ಅದಕ್ಕೆ ಬೀಳೋದು ಗಂಡು ನೊಣ ಮಾತ್ರ, ಹೆಣ್ಣು ಪಕ್ಕದ ತೋಟದಿಂದ ಆರಾಮಾಗಿ ಹಾರಿ ಬರುತ್ತದೆ. ಹಾಗಾಗಿ ಅಕ್ಕಪಕ್ಕದವರನ್ನೂ ಒಪ್ಪಿಸಿ, ಒಂದೇ ವಾರದಲ್ಲಿ ಎಲ್ಲರೂ ಕಟ್ಟಿ.

ಪ್ರಶ್ನೆ: 2014ರಲ್ಲಿ ಯುರೋಪಿನವರು ನಮ್ಮ ಮಾವು ಬೇಡ ಅಂದದ್ದು ಇದೇ ನೊಣಕ್ಕಾ? ಆ ಚಳಿಯಲ್ಲಿ ಇದು ಬದುಕುತ್ತಾ?

ಉತ್ತರ: ಹೌದು, ಆ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಆಮದು ನಿಲ್ಲಿಸಿದ್ದಕ್ಕೆ ಹಣ್ಣಿನ ನೊಣವೇ ಮುಖ್ಯ ಕಾರಣ. 2015ರ ಜನವರಿಯಲ್ಲಿ ಮಾವಿನ ಮೇಲಿನ ತಡೆ ತೆಗೆದರು. ಬೆಳೆಗಾರರಿಗೆ ಪೆಟ್ಟು ಬಿದ್ದದ್ದು ನಿಜ, ಆದರೆ ಯುರೋಪಿನವರ ಭಯ ಸುಳ್ಳಲ್ಲ. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡ ಊಜಿ ಕೆಲವೇ ವರ್ಷಗಳಲ್ಲಿ ಆಫ್ರಿಕಾದ ಉದ್ದಗಲ ಹಬ್ಬಿತು, 2018ರಲ್ಲಿ ಇಟಲಿಯಲ್ಲೂ ಬಲೆಗೆ ಬಿತ್ತು. ಹೆಪ್ಪುಗಟ್ಟುವ ಚಳಿಯೇ ಅಲ್ಲಿ ಬೇಲಿ. ಸಮುದ್ರ ತೀರದ ಊರುಗಳಲ್ಲಿ ಆ ಬೇಲಿ ಮೊದಲೇ ತೆಳು, ಚಳಿಗಾಲ ಇನ್ನೂ ಬೆಚ್ಚಗಾದರೆ ಅಲ್ಲಿ ನೆಲೆಯೂರೋದು ಸುಲಭ.