ಒಂದೇ ಸಂಯುಕ್ತ ಹಲವು ರಿಸೆಪ್ಟರ್‌ಗಳಲ್ಲಿ ಹಿಟ್ ಕೊಟ್ಟರೆ ಅದು ಒಳ್ಳೆಯ ಮದ್ದಲ್ಲವೇ?

ಯಾವ ಪ್ಯಾನೆಲ್ ಜಾಸ್ತಿ ಹಿಟ್ ಕೊಡುತ್ತದೆ ಅಂತ ಕೇಳಿದ್ದೀರಿ. ರಿಸೆಪ್ಟರ್ ಅಂದರೆ ಮದ್ದು ಅಂಟಿಕೊಳ್ಳುವ ಕೋಶದ ಪ್ರೋಟೀನು, ಅದು ಎದ್ದರೆ ಹಿಟ್, ಒಟ್ಟಿಗೆ ಪರೀಕ್ಷಿಸುವ ರಿಸೆಪ್ಟರ್‌ಗಳ ಗುಂಪೇ ಪ್ಯಾನೆಲ್. ಗಿಡದಿಂದ ತೆಗೆದ 12 ಸಂಯುಕ್ತ, ಎಲ್ಲ ರಿಸೆಪ್ಟರ್‌ಗಳ ಮೇಲೆ ಒಟ್ಟಿಗೆ ಪರೀಕ್ಷೆ, ಹೆಚ್ಚು ಹಿಟ್ ಬಂದದ್ದೇ ಗೆದ್ದ ಹಾಗೆ. ನಾನೂ ಹೀಗೇ ನಂಬಿದ್ದೆ ಮಾರಾಯ್ರೆ.

ನನ್ನ 12 ಸಂಯುಕ್ತಗಳು ಕಾಸರಗೋಡಿನ ಪೆರ್ಲದ ನಮ್ಮ ತೋಟದ ಅಡಿಕೆಯಿಂದ ತೆಗೆದವು. ಅಡಿಕೆಯಲ್ಲಿರುವ ಅರೆಕೋಲಿನ್ ಮಸ್ಕರಿನಿಕ್ ಎಂಬ ಬಗೆಯ ರಿಸೆಪ್ಟರ್‌ಗಳನ್ನು ಎಬ್ಬಿಸುವುದು ಹಳೆಯ ವಿಷಯ, ನಾನು ಹುಡುಕುತ್ತಿದ್ದುದು ಅಡಿಕೆಯ ಉಳಿದ ಅಂಶಗಳನ್ನು. ಐಸು ತುಂಬಿದ ಥರ್ಮಾಕೋಲ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು, ತಲಪಾಡಿ ದಾಟಿ ಬಸ್ಸಿನಲ್ಲಿ ಲ್ಯಾಬಿಗೆ ಹೋಗುತ್ತಿದ್ದೆ. ವಿಧಾನ ಪ್ರೆಸ್ಟೋ-ಟ್ಯಾಂಗೋ, ಅಮೆರಿಕದ ವಿಜ್ಞಾನಿ ಬ್ರಯಾನ್ ರಾತ್ ತಂಡ 2015ರಲ್ಲಿ 300ಕ್ಕೂ ಹೆಚ್ಚು ಜಿಪಿಸಿಆರ್ ಎಂಬ ಬಗೆಯ ರಿಸೆಪ್ಟರ್‌ಗಳಿಗೆ ಮಾಡಿ ತೋರಿಸಿದ್ದು. ರಿಸೆಪ್ಟರ್ ಎದ್ದರೆ ಅರೆಸ್ಟಿನ್ ಎಂಬ ಪ್ರೋಟೀನು ಬರುತ್ತದೆ, ಅದಕ್ಕೆ ಕಟ್ಟಿದ ಕತ್ತರಿ ಕಿಣ್ವ ರಿಸೆಪ್ಟರಿನ ಬಾಲ ಕತ್ತರಿಸುತ್ತದೆ, ಆಗ ಕೋಶ ಲುಸಿಫರೇಸ್ ಎಂಬ ಬೆಳಕು ಕೊಡುವ ಕಿಣ್ವ ತಯಾರಿಸುತ್ತದೆ, ಬೆಳಕು ಬರುತ್ತದೆ.

ಏಳನೆಯ ಸಂಯುಕ್ತಕ್ಕೆ 40 ರಿಸೆಪ್ಟರ್‌ಗಳಲ್ಲಿ 31ರಲ್ಲಿ ಬೆಳಕು ಬಂತು! ರಾತ್ರಿಯೇ ಮನೆಗೆ ಫೋನು ಮಾಡಿದೆ. ಅಪ್ಪ ಪಟೋರ ಅಡಿಕೆ ಹೆಕ್ಕುತ್ತಾ ಕೂತಿದ್ದವರು, ಮರುದಿನ ನೆರೆಕರೆಗೆಲ್ಲ ಹೇಳಿಬಿಟ್ಟರು.

ನನ್ನ ತಪ್ಪು ಇಷ್ಟೇ: ರಿಸೆಪ್ಟರ್ ಇಲ್ಲದ ಕೋಶಗಳಿಗೆ ಪ್ಲೇಟಿನಲ್ಲಿ ಒಂದು ಗುಳಿಯನ್ನೂ ಬಿಡಲಿಲ್ಲ. 384 ಗುಳಿಗಳಲ್ಲಿ ಜಾಗ ಹಾಳಾಗುತ್ತದೆ ಅಂದುಕೊಂಡೆ. ಆ ಕೋಶಗಳಲ್ಲೂ ಲುಸಿಫರೇಸ್ ಜೀನ್ ಇರುತ್ತದೆ, ರಿಸೆಪ್ಟರ್ ಮಾತ್ರ ಇರುವುದಿಲ್ಲ. ಅಲ್ಲೂ ಬೆಳಕು ಬಂದರೆ ಆ ಬೆಳಕಿಗೂ ರಿಸೆಪ್ಟರಿಗೂ ಸಂಬಂಧವಿಲ್ಲ. ಎಂಟು ತಿಂಗಳ ಮೇಲೆ ಸೀನಿಯರ್ ಅಕ್ಕ ಒಬ್ಬರು "ಬರಿಯ ಕೋಶಕ್ಕೆ ಹಾಕಿದ್ದೀಯಾ?" ಅಂತ ಕೇಳಿದರು. ಹಾಕಿದೆ. ಅಷ್ಟೇ ಬೆಳಕು. ನನ್ನ ಸಂಯುಕ್ತ ಲುಸಿಫರೇಸಿಗೇ ಅಂಟಿಕೊಂಡು, ಕೋಶದೊಳಗೆ ಅದು ಕರಗಿಹೋಗದಂತೆ ಕಾಯುತ್ತಿತ್ತು. ಕಿಣ್ವವನ್ನು ತಡೆಯುವ ವಸ್ತುವೇ ಕಿಣ್ವ ಜಮೆಯಾಗುವಂತೆ ಮಾಡುತ್ತದೆ, ಕೊನೆಗೆ ಬೆಳಕು ಬರಿಸುವ ರಿಯೇಜೆಂಟ್ ಸುರಿದಾಗ ಬೆಳಕು ಏರುತ್ತದೆ. 31 ಹಿಟ್‌ಗಳೂ ಅದೇ. ಉಳಿದ 9ರಲ್ಲಿ ಮೊದಲೇ ಬೆಳಕು ಜಾಸ್ತಿ ಇದ್ದುದರಿಂದ ಏರಿದ್ದು ಕಾಣಲಿಲ್ಲ. ಅಪ್ಪನಿಗೆ ಅದನ್ನು ಹೇಳಲು ಎರಡು ವಾರ ಬೇಕಾಯಿತು.

ಹಾಗಾಗಿ ಯಾವ ಪ್ಯಾನೆಲ್ ಜಾಸ್ತಿ ಹಿಟ್ ಕೊಡುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ಯಾನೆಲ್ ಇರುವುದು ಎಲ್ಲಿ ಅಂಟಬಾರದೋ ಅದನ್ನು ನೋಡುವುದಕ್ಕೆ. ತೂಕ ಇಳಿಸುವ ಫೆನ್‌ಫ್ಲುರಮಿನ್ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ದೇಹದಲ್ಲಿ ಅದರಿಂದಾಗುವ ವಸ್ತು 5-ಎಚ್‌ಟಿ2ಬಿ ಎಂಬ ಸೆರೊಟೋನಿನ್ ರಿಸೆಪ್ಟರನ್ನು ಎಬ್ಬಿಸಿ ಹೃದಯದ ಕವಾಟ ಕೆಡಿಸುತ್ತಿತ್ತು. ಮನೋರೋಗದ ಮದ್ದು ಕ್ಲೋಜಪಿನ್ ಹಲವು ರಿಸೆಪ್ಟರ್‌ಗಳಿಗೆ ಅಂಟುತ್ತದಲ್ಲ ಅನ್ನಬೇಡಿ, ಅದರ ಒಂದೊಂದು ಅಂಟನ್ನೂ ಬೇರೆ ಬೇರೆ ವಿಧಾನದಲ್ಲಿ ಅಳೆದಿದ್ದಾರೆ.

ಮೊದಲು ಬರಿಯ ಕೋಶದ ಪ್ಲೇಟು ಮಾಡಿ. ಅಲ್ಲಿ ಸುಮ್ಮನಿದ್ದದ್ದನ್ನು ಮಾತ್ರ ಮುಂದಕ್ಕೆ ಒಯ್ದು, ಡೋಸ್ ಏರಿಸುತ್ತಾ ನೋಡಿ, ಆಮೇಲೆ ಲುಸಿಫರೇಸ್ ಇಲ್ಲದ ಇನ್ನೊಂದು ವಿಧಾನದಲ್ಲಿ, ಕೋಶದೊಳಗಿನ ಕ್ಯಾಲ್ಸಿಯಂ ಅಳೆಯುವುದಾದರೂ ಆದೀತು. ನನ್ನ ಉಳಿದ 11ರಲ್ಲಿ ಎರಡೇ ನಿಂತವು, ಒಂದೊಂದು ರಿಸೆಪ್ಟರಿನಲ್ಲಿ. ಈಗ ಆ ಎರಡರ ಮೇಲೇ ಕೂತಿದ್ದೇನೆ.