ಓದಿದವರಲ್ಲೇ ಧಾರ್ಮಿಕ ಒಲವು ಹೆಚ್ಚಿದ್ದೇಕೆ?

ಪ್ರಶ್ನೆ: ಶಿಕ್ಷಣ ಹರಡಿದಂತೆ ಧಾರ್ಮಿಕ ಆಚರಣೆ ತಗ್ಗುತ್ತದೆ ಎನ್ನುತ್ತಾರೆ. ಹಾಗಿದ್ದರೆ 1970ರ ದಶಕದ ಈಜಿಪ್ಟ್‌ನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಧರ್ಮದತ್ತ ವಾಲಿದ್ದೇಕೆ? ಮಸೀದಿಗೆ ಹೋಗುವವರ ಸಂಖ್ಯೆಯಿಂದ ಇದನ್ನು ಅಳೆಯಬಹುದೇ?

ಉತ್ತರ: ಶಿಕ್ಷಣವೊಂದನ್ನೇ ಹಿಡಿದು ನೋಡಿದರೆ ಈಜಿಪ್ಟ್ ಒಗಟಾಗಿ ಕಾಣುತ್ತದೆ, ಓದಿಗೆ ತಕ್ಕ ನೌಕರಿ ಸಿಕ್ಕಿತೇ ಎಂದು ಕೇಳಿದಾಗ ವಿಷಯ ತಿಳಿಯಾಗುತ್ತದೆ. ಅಧ್ಯಕ್ಷ ನಾಸೆರ್ ಅವರ ಸರ್ಕಾರ 1960ರ ದಶಕದ ಆರಂಭದಲ್ಲಿ ಉನ್ನತ ಶಿಕ್ಷಣವನ್ನು ಉಚಿತಗೊಳಿಸಿ, ಪದವೀಧರರಿಗೆಲ್ಲ ಸರ್ಕಾರಿ ನೌಕರಿಯ ಖಾತರಿ ನೀಡಿತ್ತು. ರೈತರ, ಸಣ್ಣ ಗುಮಾಸ್ತರ ಮಕ್ಕಳು ಆ ಭರವಸೆಯ ಮೇಲೆಯೇ ಪದವಿಗೆ ಸೇರಿದರು. ನಾಸೆರ್ ನಂತರ ಅಧ್ಯಕ್ಷರಾದ ಸಾದಾತ್ 1974ರಲ್ಲಿ ಮುಕ್ತ ಆರ್ಥಿಕ ನೀತಿ ತಂದ ಬಳಿಕ ಬೆಲೆಯೇರಿಕೆ ಸರ್ಕಾರಿ ಸಂಬಳವನ್ನು ನುಂಗಿತು, ನೇಮಕಾತಿಗೆ ಕಾಯುವ ಅವಧಿ ಬೆಳೆಯುತ್ತ ಹೋಯಿತು. ಮನೆ ಹೊಂದಿಸಿ ಮಹರ್ (ವಧುವಿಗೆ ಸಲ್ಲಬೇಕಾದ ವಧುಧನ) ಕೊಡುವುದು ವರನ ಹೊಣೆಯಾಗಿರುವಲ್ಲಿ ನೌಕರಿ ತಡವಾದರೆ ಮದುವೆಯೂ ತಡ.

ಇದೇ ಕಾಲದಲ್ಲಿ ಇಸ್ಲಾಮಿ ವಿದ್ಯಾರ್ಥಿ ಸಂಘಗಳು ಉಪನ್ಯಾಸದ ನೋಟ್ಸನ್ನು ಅಗ್ಗವಾಗಿ ಅಚ್ಚು ಹಾಕಿ ಕೊಟ್ಟವು. ಕಿಕ್ಕಿರಿದ ಬಸ್ಸುಗಳಲ್ಲಿ ಕಿರುಕುಳ ಅನುಭವಿಸುತ್ತಿದ್ದ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ವಾಹನ, ತರಗತಿಯಲ್ಲಿ ಪ್ರತ್ಯೇಕ ಸಾಲು, ಕಡಿಮೆ ಬೆಲೆಗೆ ಮೈಮುಚ್ಚುವ ಉಡುಪು ಒದಗಿಸಿದವು. ಇದನ್ನು ಬರಿಯ ಆಮಿಷವೆಂದು ತಳ್ಳಿಹಾಕುವುದು ಆ ಯುವಜನರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಹುದ್ದೆ, ಹಣದಿಂದಲೇ ಮನುಷ್ಯನ ಯೋಗ್ಯತೆಯನ್ನು ನಿರ್ಧರಿಸುವಲ್ಲಿ, ಅವೆರಡೂ ಇಲ್ಲದೆ ಗೌರವದಿಂದ ಬದುಕುವ ದಾರಿಯನ್ನು ಧರ್ಮ ಅವರಿಗೆ ತೋರಿಸಿತು.

ಇಂಡೋನೇಷ್ಯಾದ ಅನುಭವ ಇದಕ್ಕೆ ಪೂರಕವಾಗಿದೆ. 1997–98ರ ಆರ್ಥಿಕ ಬಿಕ್ಕಟ್ಟಿನಲ್ಲಿ ಹೆಚ್ಚು ಪೆಟ್ಟು ತಿಂದ ಕುಟುಂಬಗಳು ‘ಪೆಂಗಾಜಿಯಾನ್’ ಎಂಬ ಸಾಮೂಹಿಕ ಕುರಾನ್ ಅಧ್ಯಯನದಲ್ಲಿ ಹೆಚ್ಚಾಗಿ ಪಾಲ್ಗೊಂಡವೆಂದೂ, ಸಾಲ ಸುಲಭವಾಗಿ ಸಿಗುತ್ತಿದ್ದಲ್ಲಿ ಈ ಏರಿಕೆ ಬಹಳ ಕಡಿಮೆಯಿತ್ತೆಂದೂ ಅರ್ಥಶಾಸ್ತ್ರಜ್ಞ ಡೇನಿಯಲ್ ಚೆನ್ ತೋರಿಸಿದ್ದಾರೆ. ಆ ಅಧ್ಯಯನದ ಗುಂಪು ಕಷ್ಟಕಾಲದಲ್ಲಿ ಪರಸ್ಪರ ನೆರವಿಗೆ ಬರುವ ಬಳಗವೂ ಆಗಿತ್ತು.

ನೀವು ಕೇಳಿರುವ ಮಾತಿಗೆ ಟರ್ಕಿ ಸ್ವಲ್ಪ ಹೊಂದುತ್ತದೆ. ಅಲ್ಲಿ 1997ರಲ್ಲಿ ಕಡ್ಡಾಯ ಶಿಕ್ಷಣ 5ರಿಂದ 8 ವರ್ಷಕ್ಕೇರಿದ ಮೇಲೆ ಹೆಚ್ಚು ಓದಿದ ಮಹಿಳೆಯರಲ್ಲಿ ಧಾರ್ಮಿಕ ಆಚರಣೆ ತಗ್ಗಿದ್ದನ್ನು ಅಧ್ಯಯನಗಳು ಗುರುತಿಸಿವೆ. ಆದರೆ ಇಮಾಮ್-ಹತೀಪ್ ಧಾರ್ಮಿಕ ಶಾಲೆಗಳ ಮಾಧ್ಯಮಿಕ ತರಗತಿಗಳನ್ನು ಮುಚ್ಚಿಸಿದ್ದೂ ಅದೇ ಕಾನೂನು. ಆದ್ದರಿಂದ ಬದಲಾವಣೆಯನ್ನೆಲ್ಲ ಹೆಚ್ಚುವರಿ ಓದಿನ ಲೆಕ್ಕಕ್ಕೆ ಬರೆಯುವಂತಿಲ್ಲ.

ಮಸೀದಿಯ ಹಾಜರಿಯಂತೂ ದುರ್ಬಲ ಅಳತೆಗೋಲು. ಶುಕ್ರವಾರದ ಸಾಮೂಹಿಕ ನಮಾಜು ಪುರುಷರಿಗೆ ಕಡ್ಡಾಯ, ಮಹಿಳೆಯರಿಗಲ್ಲ. ಮನೆಯಲ್ಲೇ ಐದು ಹೊತ್ತು ನಮಾಜು ಮಾಡುವ ಮಹಿಳೆ ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ನಮಾಜು, ಉಪವಾಸ, ಕುರಾನ್ ಓದು, ಝಕಾತ್ (ಕಡ್ಡಾಯ ದಾನ) ಇವುಗಳನ್ನು ಬೇರೆಬೇರೆಯಾಗಿಯೇ ವಿಚಾರಿಸಬೇಕಾಗುತ್ತದೆ.