ನ್ಯೂಯಾರ್ಕ್ ಫಿಲ್ಮ್ ಕ್ರಿಟಿಕ್ಸ್ ಸರ್ಕಲ್ ಅವಾರ್ಡ್‌ಗೂ ಆಸ್ಕರ್‌ಗೂ ಏನು ವ್ಯತ್ಯಾಸ?

ಮುಖ್ಯ ವ್ಯತ್ಯಾಸ ವೋಟ್ ಹಾಕೋರದ್ದು. ಆಸ್ಕರ್‌ಗೆ ಸಿನಿಮಾ ಮಾಡೋರೇ, ಅಂದ್ರೆ ನಟರು, ನಿರ್ದೇಶಕರು, ಟೆಕ್ನಿಷಿಯನ್ಸ್ ವೋಟ್ ಹಾಕ್ತಾರೆ, ಇಲ್ಲಿ ಹಾಕೋದು ನ್ಯೂಯಾರ್ಕಿನ ಪೇಪರ್, ಮ್ಯಾಗಜಿನ್, ವೆಬ್‌ಸೈಟ್‌ಗಳಿಗೆ ವಿಮರ್ಶೆ ಬರೆಯೋರು. 1935ರಲ್ಲಿ ಶುರುವಾದ ಸಂಘ ಇದು. ಸಾಮಾನ್ಯವಾಗಿ ಡಿಸೆಂಬರ್ ಮೊದಲಲ್ಲೇ ರಿಸಲ್ಟ್ ಬರುತ್ತೆ, ಹಾಗಾಗಿ ಆಸ್ಕರ್ ರೇಸಲ್ಲಿ ಯಾರಿದ್ದಾರೆ ಅಂತ ಒಂದು ಅಂದಾಜು ಸಿಗುತ್ತೆ, ಆದ್ರೆ ಎರಡೂ ಒಂದೇ ಆಗ್ಬೇಕು ಅಂತೇನಿಲ್ಲ. 1941ರಲ್ಲಿ ಇವರು ಅತ್ಯುತ್ತಮ ಚಿತ್ರ ಅಂತ ಆರಿಸಿದ್ದು ಸಿಟಿಜನ್ ಕೇನ್, ಆ ವರ್ಷದ ಆಸ್ಕರ್ ಬೇರೆ ಸಿನಿಮಾಗೆ ಹೋಯ್ತು, ಆದ್ರೆ ಈಗ ಜನ ಜಾಸ್ತಿ ಮಾತಾಡೋದು ಸಿಟಿಜನ್ ಕೇನ್ ಬಗ್ಗೇನೇ! ನಮ್ಮ ರಾಯಚೂರಿನ ಕಡೆ ಹುಟ್ಟಿದ ರಾಜಮೌಳಿಗೆ ಆರ್‌ಆರ್‌ಆರ್‌ಗಾಗಿ 2022ರ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಿದ್ದೂ ಇವರೇ, ಆಸ್ಕರ್‌ನಲ್ಲಿ ಆ ವಿಭಾಗಕ್ಕೆ ಅವರ ನಾಮಿನೇಷನ್ನೇ ಇರ್ಲಿಲ್ಲ.